ಹಿರಿಯ ಮಗನ ಲೆಕ್ಕ

ಕಳೆದ ತಿಂಗಳು ನಮ್ಮ ಸಂಘದ ಕೂಟವು ಮುಗಿದ ಮೇಲೆ ನಾವು ನಾಲ್ಕಾರು ಮಂದಿ ಚಹ ಕುಡಿಯುತ್ತ ಕುಳಿತಿದ್ದಾಗ ಮಿತ್ರರೊಬ್ಬರು ನನ್ನ ಕಡೆಗೆ ತಿರುಗಿ ಒಂದು ಪ್ರಶ್ನೆಯನ್ನು ಹಾಕಿದರು. ಅವರು ವಕೀಲಿಯಲ್ಲಿ ನಲವತ್ತು ವರ್ಷ ಸವೆಸಿದವರು. ಮಾತನ್ನು ತೂಗಿ ಆಡತಕ್ಕವರು. “ಪಶ್ಚಾತ್ತಾಪಪಟ್ಟವನು ಎಂಥವನೇ ಆಗಲಿ, ದೇವರು ಅವನನ್ನು ಕ್ಷಮಿಸುತ್ತಾನೆಂದು ನಿಮ್ಮವರು ಹೇಳುತ್ತಾರಲ್ಲ, ಅದು ತೀರ ಸೋವಿಯಾಗಲಿಲ್ಲವೆ? ಜನ್ಮವೆಲ್ಲ ನೆಟ್ಟಗೆ ನಡೆದವನಿಗೂ, ಜನ್ಮವನ್ನೆಲ್ಲ ಹಾಳುಮಾಡಿಕೊಂಡು ಕಡೆಗೆ ಎರಡು ಹನಿ ಕಣ್ಣೀರು ಸುರಿಸಿದವನಿಗೂ ಒಂದೇ ಪಂಕ್ತಿಯಲ್ಲಿ ಎಲೆ ಹಾಕುವುದಾದರೆ, ನೆಟ್ಟಗೆ ನಡೆದದ್ದರ ಪ್ರಯೋಜನವೇನು?” ಎಂದು ಅವರು ಕೇಳಿದರು.

ಅವರ ಪ್ರಶ್ನೆಯಲ್ಲಿ ಕುಚೋದ್ಯವಿರಲಿಲ್ಲ. ನಿಜವಾಗಿ ತಿಳಿಯಬೇಕೆಂಬ ಅಪೇಕ್ಷೆಯಿತ್ತು. ಆದರೂ ನಾನು ಏನೋ ಎರಡು ಮಾತು ಹೇಳಿ ವಿಷಯವನ್ನು ಬೇರೆ ಕಡೆಗೆ ತಿರುಗಿಸಿಬಿಟ್ಟೆನು. ಉತ್ತರವು ತೋರದೆ ಹಾಗೆ ಮಾಡಿದೆನೆಂದಲ್ಲ. ಇದೇ ಪ್ರಶ್ನೆಯನ್ನು ಹಿಂದೊಮ್ಮೆ ನಾನೂ ಕೇಳಿದ್ದೆನು. ಕೇಳಿದ್ದು ನನ್ನ ತಂದೆಯವರನ್ನು. ಕೇಳಿದ್ದು ನಮ್ಮ ಮನೆಯ ಕಟ್ಟೆಯ ಬಳಿ, ಮಳೆಯಲ್ಲಿ ನಿಂತು. ಅದೆಲ್ಲವೂ ಒಮ್ಮೆಗೇ ನೆನಪಿಗೆ ಬಂದು ಗಂಟಲು ಕಟ್ಟಿತು. ಅಂದು ಬಾಯಿಂದ ಬಾರದ ಉತ್ತರವನ್ನು ಇಂದು ಬರೆದು ತೀರಿಸಿಕೊಳ್ಳಬೇಕೆಂದಿದ್ದೇನೆ. ನಾನು ಧರ್ಮಶಾಸ್ತ್ರವನ್ನು ಓದಿದ ಪಂಡಿತನಲ್ಲ. ಕಚೇರಿಯಲ್ಲಿ ಲೆಕ್ಕ ಬರೆದು ಮುಪ್ಪಾದ ಗುಮಾಸ್ತನು. ಆದುದರಿಂದ ವಾಚಕರು ಇದನ್ನು ಒಂದು ಲೆಕ್ಕದ ಕಥೆಯೆಂದೇ ಓದಬೇಕು.

ಕ್ರೈಸ್ತರ ಮನೆಗಳಲ್ಲಿ ದೇವರ ಕ್ಷಮೆಯ ಮಾತು ಬಂದಾಗಲೆಲ್ಲ ಮೊದಲು ನೆನಪಾಗುವುದು ಲೂಕನ ಸುವಾರ್ತೆಯ ಹದಿನೈದನೆಯ ಅಧ್ಯಾಯದಲ್ಲಿರುವ ಸಾಮ್ಯ. ಅದನ್ನು ಯೇಸು ಹೇಳಿದ ಸಂದರ್ಭವನ್ನು ಮರೆಯಬಾರದು. ಸುಂಕದವರೂ, ಸಮಾಜವು ಪಾಪಿಗಳೆಂದು ಹೆಸರಿಟ್ಟ ಇತರರೂ ಆತನ ಸುತ್ತ ಸೇರುತ್ತಿದ್ದರು. ಆತನು ಅವರನ್ನು ಬರಮಾಡಿಕೊಳ್ಳುತ್ತಿದ್ದನಲ್ಲದೆ ಅವರ ಸಂಗಡ ಊಟಕ್ಕೂ ಕೂಡುತ್ತಿದ್ದನು. ಫರಿಸಾಯರೂ ಶಾಸ್ತ್ರಿಗಳೂ ಇದನ್ನು ಕಂಡು ಗೊಣಗಿದರು. ಪಂಕ್ತಿಯ ಪ್ರಶ್ನೆಯು ನಮ್ಮ ಮಿತ್ರರಿಂದಲೇ ಹುಟ್ಟಿದ್ದಲ್ಲ. ಅದು ಎರಡು ಸಾವಿರ ವರ್ಷ ಹಿಂದಿನದು. ಆ ಗೊಣಗಾಟಕ್ಕೆ ಉತ್ತರವಾಗಿ ಯೇಸು ಮೂರು ಕಥೆಗಳನ್ನು ಹೇಳಿದನು. ನೂರು ಕುರಿಗಳಲ್ಲಿ ಒಂದು ಕಳೆದುಹೋಯಿತು. ಹತ್ತು ನಾಣ್ಯಗಳಲ್ಲಿ ಒಂದು ಕಳೆದುಹೋಯಿತು. ಇಬ್ಬರು ಮಕ್ಕಳಲ್ಲಿ ಒಬ್ಬನು ಕಳೆದುಹೋದನು. ನೂರು, ಹತ್ತು, ಎರಡು ಎಂದು ಲೆಕ್ಕವು ಇಳಿಯುತ್ತ ಬಂದಂತೆ ಕಳೆದುಕೊಂಡವನ ನೋವು ಏರುತ್ತ ಹೋಗುತ್ತದೆ.

ಮೂರನೆಯ ಕಥೆಯಲ್ಲಿ ಕಿರಿಯ ಮಗನು ತಂದೆಯು ಬದುಕಿರುವಾಗಲೇ ತನ್ನ ಪಾಲನ್ನು ಕೇಳುತ್ತಾನೆ. ಯೆಹೂದ್ಯರ ಧರ್ಮಶಾಸ್ತ್ರದಂತೆ ಚೊಚ್ಚಲ ಮಗನಿಗೆ ಎರಡು ಪಾಲು. ಆದುದರಿಂದ ಈ ಕಿರಿಯನಿಗೆ ಬರತಕ್ಕದ್ದು ಆಸ್ತಿಯ ಮೂರರಲ್ಲೊಂದು ಭಾಗ. ಅದನ್ನು ತೆಗೆದುಕೊಂಡು ದೂರದೇಶಕ್ಕೆ ಹೋಗಿ ಎಲ್ಲವನ್ನೂ ಹಾರಿಸಿಬಿಟ್ಟನು. ಬರಗಾಲ ಬಂದಿತು. ಹೊಟ್ಟೆಯ ಪಾಡಿಗಾಗಿ ಹಂದಿಗಳನ್ನು ಮೇಯಿಸುವ ಕೆಲಸ ಹಿಡಿದನು. ಹಂದಿಯನ್ನು ಅಶುದ್ಧವೆಂದು ಮುಟ್ಟದ ಯೆಹೂದ್ಯನಿಗೆ ಇದಕ್ಕಿಂತ ಕೆಳಗಿನ ಮೆಟ್ಟಿಲು ಬೇರೆ ಇರಲಿಲ್ಲ. ಹಂದಿಗಳು ತಿನ್ನುವ ಕಾಯಿಗಳಿಗೂ ಆಸೆಪಡುವ ಸ್ಥಿತಿ ಬಂದಾಗ ಅವನಿಗೆ ಬುದ್ಧಿ ಬಂದಿತು. ತಂದೆಯ ಮನೆಯ ಕೂಲಿಯಾಳುಗಳಿಗೂ ಹೊಟ್ಟೆ ತುಂಬ ಅನ್ನವಿದೆಯೆಂಬುದು ನೆನಪಾಯಿತು. ಹೋಗಿ ಹೇಳಬೇಕಾದ ಮಾತನ್ನು ಅವನು ಮೂರು ತುಂಡುಗಳಾಗಿ ಜೋಡಿಸಿಕೊಂಡನು: ದೇವರಿಗೂ ನಿನಗೂ ತಪ್ಪಿ ನಡೆದೆನು ಎಂಬುದು ಒಂದು, ನಿನ್ನ ಮಗನೆನ್ನಿಸಿಕೊಳ್ಳುವ ಯೋಗ್ಯತೆ ನನಗೆ ಉಳಿದಿಲ್ಲ ಎಂಬುದು ಇನ್ನೊಂದು, ನನ್ನನ್ನು ಕೂಲಿಯವರಲ್ಲಿ ಒಬ್ಬನನ್ನಾಗಿ ಇಟ್ಟುಕೋ ಎಂಬುದು ಮೂರನೆಯದು.

ಇಲ್ಲಿ ಸ್ವಲ್ಪ ನಿಂತು ನೋಡಬೇಕು. ಈ ಹುಡುಗನ ಪಶ್ಚಾತ್ತಾಪವು ಅಷ್ಟೇನೂ ಉನ್ನತವಾದದ್ದಲ್ಲ. ಅವನನ್ನು ಮನೆಯ ಕಡೆಗೆ ತಿರುಗಿಸಿದ್ದು ತಂದೆಯ ಮೇಲಿನ ಪ್ರೀತಿಯೆಂದು ಕಥೆಯು ಹೇಳುವುದಿಲ್ಲ; ಹಸಿವೆಂದು ಹೇಳುತ್ತದೆ. ಮೂರನೆಯ ತುಂಡಿನಲ್ಲಿಯಂತೂ ಒಂದು ವ್ಯವಹಾರವೇ ಅಡಗಿದೆ. ಕೂಲಿಯಾದರೆ ದುಡಿದು ತಿನ್ನಬಹುದು. ಯಾರ ಹಂಗೂ ಉಳಿಯುವುದಿಲ್ಲ. ಅವನು ತಂದೆಯ ಮನೆಗೆ ಬರುತ್ತಿರುವುದು ಲೆಕ್ಕದ ಬಾಗಿಲಿನಿಂದ.

ಅವನು ಇನ್ನೂ ದೂರದಲ್ಲಿರುವಾಗಲೇ ತಂದೆಯು ಅವನನ್ನು ಕಂಡನು. ಓಡಿಹೋಗಿ ಕೊರಳನ್ನು ತಬ್ಬಿ ಮುದ್ದಿಟ್ಟನು. ಆ ಕಾಲದ ಆ ದೇಶದಲ್ಲಿ ವಯಸ್ಸಾದ ಮನೆಯ ಯಜಮಾನನು ನಿಲುವಂಗಿಯನ್ನು ಎತ್ತಿಕಟ್ಟಿ ಬೀದಿಯಲ್ಲಿ ಓಡುವುದು ಮರ್ಯಾದೆಯ ಮಾತಾಗಿರಲಿಲ್ಲ. ಮಗನು ತನ್ನ ಪಾಠವನ್ನು ಒಪ್ಪಿಸಲು ಮೊದಲುಮಾಡಿದನು. ಒಂದನೆಯ ತುಂಡು ಆಯಿತು, ಎರಡನೆಯದೂ ಆಯಿತು. ಮೂರನೆಯದು ಬಾಯಿಗೆ ಬರುವಷ್ಟರಲ್ಲಿ ತಂದೆಯು ಆಳುಗಳ ಕಡೆಗೆ ತಿರುಗಿ ಒಳ್ಳೆಯ ಬಟ್ಟೆಯನ್ನೂ ಉಂಗುರವನ್ನೂ ಕೆರಗಳನ್ನೂ ತರಹೇಳಿದ್ದನು. ಕೂಲಿಯ ಮಾತು ಹೊಟ್ಟೆಯಲ್ಲಿಯೇ ಉಳಿಯಿತು. ತಪ್ಪನ್ನು ಒಪ್ಪಿಕೊಳ್ಳುವುದಕ್ಕೆ ತಂದೆಯು ಅಡ್ಡಿಮಾಡಲಿಲ್ಲ. ಲೆಕ್ಕವನ್ನು ಹೇಳಗೊಡಲಿಲ್ಲ, ಅಷ್ಟೆ.

ತಂದೆಗೆ ಕನಿಕರ ಹುಟ್ಟಿತೆನ್ನುವಲ್ಲಿ ಲೂಕನು ಬಳಸಿದ ಗ್ರೀಕ ಶಬ್ದವು ಹೊಟ್ಟೆಯೊಳಗಿನ ಕರುಳುಗಳನ್ನು ಹೇಳುವ ಶಬ್ದದಿಂದ ಹುಟ್ಟಿದ್ದು. ಕರುಣೆಗೆ ಹೇಳುವ ಇಬ್ರಿಯ ಶಬ್ದವೂ ತಾಯಿಯ ಗರ್ಭವನ್ನು ಹೇಳುವ ಶಬ್ದದ ಬಳಗದ್ದೇ. ಇದನ್ನು ಬೇರೆ ಭಾಷೆಯವರಿಗೆ ವಿವರಿಸಬೇಕಾದೀತು, ಕನ್ನಡಿಗನಿಗೆ ಬೇಕಿಲ್ಲ. ಕರುಳು ಚುರ್ರೆಂದಿತು ಎಂದರೆ ನಮ್ಮ ಹಳ್ಳಿಯ ಮುದುಕಿಗೂ ತಿಳಿಯುತ್ತದೆ. ಹಾಗೆಯೇ ಹಳೆಯ ಒಡಂಬಡಿಕೆಯಲ್ಲಿ ಪಶ್ಚಾತ್ತಾಪಕ್ಕೆ ಬರುವ ಮುಖ್ಯವಾದ ಶಬ್ದದ ಅರ್ಥವು ತಿರುಗುವುದು, ಹಿಂದಿರುಗುವುದು ಎಂದಷ್ಟೆ. ಹೊಸ ಒಡಂಬಡಿಕೆಯ ಗ್ರೀಕ ಶಬ್ದಕ್ಕೆ ಮನಸ್ಸು ಬದಲಾಗುವುದೆಂದು ಅರ್ಥ. ನಮ್ಮ ಹಳೆಯ ಕನ್ನಡ ಸತ್ಯವೇದದವರು ಅದನ್ನು ಮಾನಸಾಂತರವೆಂದು ಕರೆದರು. ಅಳುವುದಾಗಲಿ, ಮೈಯನ್ನು ದಂಡಿಸಿಕೊಳ್ಳುವುದಾಗಲಿ ಈ ಶಬ್ದಗಳ ತಿರುಳಲ್ಲ. ಮುಖವು ಯಾವ ಕಡೆಗಿದೆ ಎಂಬುದೊಂದೇ ಪ್ರಶ್ನೆ. ಮನುಷ್ಯನು ತಿರುಗಬೇಕು, ಮಿಕ್ಕ ದಾರಿಯನ್ನು ದೇವರ ಕರುಳೇ ಓಡಿಬರುತ್ತದೆ. ಕ್ರೈಸ್ತನ ನಂಬಿಗೆಯ ಸಾರವು ಇದೇ.

ಇಷ್ಟಕ್ಕೇ ಮುಗಿದಿದ್ದರೆ ಈ ಕಥೆಯನ್ನು ಕೇಳಿ ಕಣ್ಣೊರಸಿಕೊಂಡು ಮಲಗಬಹುದಾಗಿತ್ತು. ಆದರೆ ಮನೆಯಲ್ಲಿ ಹಿರಿಯ ಮಗನೊಬ್ಬನು ಇದ್ದಾನೆ. ಅವನು ಹೊಲದಿಂದ ಬರುತ್ತಾನೆ; ಗಾನವೂ ಕುಣಿತವೂ ಕಿವಿಗೆ ಬೀಳುತ್ತವೆ; ಆಳನ್ನು ಕರೆದು ವಿಚಾರಿಸುತ್ತಾನೆ; ಸಿಟ್ಟಿನಿಂದ ಒಳಗೆ ಹೋಗಲೊಲ್ಲದೆ ಹೊರಗೆ ನಿಲ್ಲುತ್ತಾನೆ. ತಂದೆಯು ಈ ಮಗನಿಗಾಗಿಯೂ ಹೊರಗೆ ಬಂದು ಬೇಡಿಕೊಳ್ಳುತ್ತಾನೆ. ಮಗನ ಉತ್ತರವೆಲ್ಲ ಲೆಕ್ಕ: ಇಷ್ಟು ವರ್ಷ ದುಡಿದೆನು, ಒಂದು ಅಪ್ಪಣೆಯನ್ನೂ ಮೀರಲಿಲ್ಲ, ಒಂದು ಆಡಿನ ಮರಿಯೂ ಸಿಗಲಿಲ್ಲ. ಕಿರಿಯನು ಕೂಲಿಯಾಗಲು ಬಂದನು. ಹಿರಿಯನು ಮನೆಯಲ್ಲಿಯೇ ಇದ್ದುಕೊಂಡು ಎಂದೋ ಕೂಲಿಯಾಗಿದ್ದನು. ತನ್ನದೆಲ್ಲವೂ ನಿನ್ನದೇ ಎಂದು ತಂದೆಯು ಸಮಾಧಾನಪಡಿಸುತ್ತಾನೆ. ಅಲ್ಲಿಗೆ ಕಥೆ ನಿಲ್ಲುತ್ತದೆ. ಹಿರಿಯ ಮಗನು ಒಳಗೆ ಹೋದನೊ ಇಲ್ಲವೊ, ಯೇಸು ಹೇಳಲಿಲ್ಲ.

ಬಾಲ್ಯದಲ್ಲಿ ಭಾನುವಾರದ ಪಾಠದಲ್ಲಿ ಈ ಕಥೆಯನ್ನು ಕೇಳುವಾಗ ನನಗೆ ಹಿರಿಯವನ ಪಕ್ಷವೇ ನ್ಯಾಯವೆಂದು ತೋರುತ್ತಿತ್ತು. ಮುಂದೆ ಆ ಪಕ್ಷದಲ್ಲಿಯೇ ನಾನು ನಿಲ್ಲಬೇಕಾಗುವುದೆಂದು ಆಗ ತಿಳಿದಿರಲಿಲ್ಲ.

ನಮ್ಮದು ಗದಗ-ಬೆಟಗೇರಿ. ತಂದೆಯವರು ಪ್ರಾಥಮಿಕ ಶಾಲೆಯಲ್ಲಿ ಮಾಸ್ತರರಾಗಿದ್ದರು. ಮಕ್ಕಳು ನಾವು ಮೂವರು: ನಾನು, ತಂಗಿ, ತಮ್ಮ. 1966ರಲ್ಲಿ ತಂಗಿಯ ಮದುವೆ ಗೊತ್ತಾಗಿತ್ತು. ಒಂದು ಮುಂಜಾನೆ ಎದ್ದು ನೋಡಿದರೆ ಟ್ರಂಕಿನಲ್ಲಿದ್ದ ಮದುವೆಯ ಹಣವೂ ಅವ್ವನ ಎರಡು ಪಾಟಲಿಗಳೂ ಇರಲಿಲ್ಲ, ತಮ್ಮನೂ ಇರಲಿಲ್ಲ. ಆಗ ಅವನಿಗೆ ಹತ್ತೊಂಬತ್ತು ವರ್ಷ. ಬಂಗಾರದ ಅಂದಿನ ಬೆಲೆಯನ್ನು ಸೇರಿಸಿ ನಾನು ಲೆಕ್ಕಹಾಕಿದೆನು. ಒಟ್ಟು 1,800 ರೂಪಾಯಿ. ಮುಂಬಯಿಗೆ ಹೋದನೆಂದು ಯಾರೋ ಹೇಳಿದರು. ತಂಗಿಯ ಮದುವೆ ಎರಡು ವರ್ಷ ಹಿಂದಕ್ಕೆ ಬಿದ್ದಿತು. ಧಾರವಾಡದಲ್ಲಿ ಓದುತ್ತಿದ್ದ ನಾನು ಕಾಲೇಜನ್ನು ಬಿಟ್ಟು ಗುಮಾಸ್ತೆಯ ಕೆಲಸಕ್ಕೆ ಸೇರಿದೆನು. ಸಾಲಮಾಡಿ ಮದುವೆಯನ್ನು ನಡೆಸಿ ಆ ಸಾಲವನ್ನು ನಾನೇ ತೀರಿಸಿದೆನು. ಇದನ್ನು ಹೇಳುವಾಗ ಇಂದಿಗೂ ನನ್ನ ದನಿ ಸ್ವಲ್ಪ ಗಟ್ಟಿಯಾಗುತ್ತದೆಂದು ನನಗೆ ಗೊತ್ತಿದೆ.

ತಂದೆಯವರು ಅಂದಿನಿಂದ ಒಂದು ರೂಢಿ ಹಿಡಿದರು. ಪ್ರತಿ ಸಂಜೆ ಹುಬ್ಬಳ್ಳಿಯ ಕಡೆಯಿಂದ ಗಾಡಿ ಬರುವ ಹೊತ್ತಿಗೆ ಸ್ಟೇಶನ್ನಿಗೆ ಹೋಗುವರು. ಕೇಳಿದರೆ ಪತ್ರಿಕೆ ತರಲೆಂದು ಹೇಳುವರು. ಪತ್ರಿಕೆಯು ಮುಂಜಾನೆಯೇ ಮನೆಗೆ ಬಂದುಬಿದ್ದಿರುತ್ತಿತ್ತು; ಅದು ನಮಗೆಲ್ಲ ತಿಳಿದದ್ದೇ. ಒಂಬತ್ತು ವರ್ಷ ಹೀಗೆ ನಡೆಯಿತು. ಅಷ್ಟರಲ್ಲಿ ಅವರ ಮಂಡಿಗಳು ಸೋತು ಕೋಲು ಬಂದಿತು. ನಾನು ಈ ಅಲೆದಾಟವನ್ನು ಕಂಡು ಒಳಗೊಳಗೆ ಕುದಿಯುತ್ತಿದ್ದೆನು. ತಿಂಗಳ ಸಂಬಳವನ್ನು ಕೈಗೆ ತಂದುಕೊಡುವ ಮಗನು ಮನೆಯಲ್ಲಿರುವಾಗ, ಮುದುಕರು ನಿತ್ಯವೂ ಎದುರುನೋಡುವುದು ಕದ್ದುಹೋದವನನ್ನು!

1975ರ ಶ್ರಾವಣದಲ್ಲಿ ಅವನು ಬಂದನು. ಬಂದದ್ದು ಗಾಡಿಯಲ್ಲಿ ಅಲ್ಲ, ಮಧ್ಯಾಹ್ನದ ಬಸ್ಸಿನಲ್ಲಿ. ಅಂದು ತಂದೆಯವರು ಕಟ್ಟೆಯ ಮೇಲೆ ಕುಳಿತು ಹರಿದ ಛತ್ರಿಗೆ ಹೊಲಿಗೆ ಹಾಕುತ್ತಿದ್ದರಂತೆ. ಬೇವಿನ ಮರದ ತಿರುವಿನಲ್ಲಿ ಒಂದು ಆಕೃತಿಯು ಬಂದು ನಿಂತು ಮುಂದಕ್ಕೆ ಬಾರದೆ ಅನುಮಾನಿಸುತ್ತಿದ್ದಾಗ, ಕೋಲನ್ನು ಮರೆತು ಬರಿಗಾಲಲ್ಲಿ ಕೆಸರಿಗೆ ಇಳಿದು ಓಡಿದರಂತೆ. ಇದನ್ನು ನಾನು ಕಂಡಿಲ್ಲ, ಓಣಿಯವರು ಹೇಳಿದ್ದು. ಸಂಜೆ ನಾನು ಕಚೇರಿಯಿಂದ ಬರುವಾಗ ಮನೆಯೊಳಗೆ ಮಾತು ನಗೆಗಳು ಕೇಳಿಸಿದವು. ಗೋಧಿ ಹುಗ್ಗಿಯ ವಾಸನೆ ಓಣಿಗೆಲ್ಲ ಹರಡಿತ್ತು. ಪಕ್ಕದ ಮನೆಯ ಹುಡುಗನು ಓಡಿಬಂದು “ನಿಮ್ಮ ತಮ್ಮ ಬಂದಾರ್ರೀ” ಎಂದನು. ನಾನು ಮೆಟ್ಟಿಲು ಹತ್ತಲಿಲ್ಲ.

ತಂದೆಯವರು ಹೊರಗೆ ಬಂದರು. ನಾನು ಒಂಬತ್ತು ವರ್ಷದ ಮಾತನ್ನು ಒಂದೇ ಉಸಿರಿನಲ್ಲಿ ಆಡಿಬಿಟ್ಟೆನು. “ನಿಮ್ಮ ಮಗ ಬಂದಾನಂತ ಹುಗ್ಗಿ ಮಾಡಿಸೀರಿ. ಇಷ್ಟು ವರ್ಷ ದುಡದು ಹಾಕಿದಾವಗ ಏನ್ ಮಾಡಿಸೀರಿ? ಕದ್ದಾವಗೂ ದುಡದಾವಗೂ ಒಂದ ಪಂಕ್ತಿ ಏನು?” ಅವರು ವಾದಿಸಲಿಲ್ಲ. ಮಳೆಯಲ್ಲಿ ನನ್ನ ಪಕ್ಕದಲ್ಲಿ ಬಂದು ನಿಂತು ನನ್ನ ತೋಳನ್ನು ಹಿಡಿದುಕೊಂಡು, “ಹುಗ್ಗಿ ಆರತದಪಾ, ಒಳಗ ಬಾ” ಎಂದರು. ನಾನು ತೋಳನ್ನು ಬಿಡಿಸಿಕೊಂಡು ಹೋಗಿ ಆ ರಾತ್ರಿ ಗೆಳೆಯನೊಬ್ಬನ ಮನೆಯಲ್ಲಿ ಮಲಗಿದೆನು. ತಮ್ಮನೆನ್ನದೆ ನಿಮ್ಮ ಮಗನೆಂದೆನೆಂಬುದೂ, ಕಥೆಯಲ್ಲಿಯ ಹಿರಿಯವನು ಅದನ್ನೇ ಹಾಗೆಯೇ ಹೇಳಿದ್ದನೆಂಬುದೂ ಬಹಳ ವರ್ಷಗಳ ತನಕ ನನಗೆ ಹೊಳೆಯಲಿಲ್ಲ. ಮರುದಿನ ನಾನು ಮನೆಗೆ ಬರುವಷ್ಟರಲ್ಲಿ ತಮ್ಮನು ಹುಬ್ಬಳ್ಳಿಗೆ ಹೊರಟುಹೋಗಿದ್ದನು. ಅಣ್ಣನು ತನ್ನ ಮನೆಯ ಹೊರಗೆ ಇರುವಂತಾಗಬಾರದೆಂದು ಅವ್ವನಿಗೆ ಹೇಳಿ ಹೋದನಂತೆ.

ಇನ್ನು ಮಿತ್ರರ ಪ್ರಶ್ನೆಗೆ ಬರುತ್ತೇನೆ. ಕ್ಷಮೆಯು ಸೋವಿಯೆ? ಲೆಕ್ಕ ಬಲ್ಲವನು ಹೀಗೆ ಕೇಳಬೇಕು: ಸಾಲವನ್ನು ಬಿಟ್ಟುಕೊಟ್ಟರೆ ಆ ಮೊತ್ತವು ಎಲ್ಲಿ ಹೋಯಿತು? ಅದು ಗಾಳಿಯಲ್ಲಿ ಕರಗುವುದಿಲ್ಲ. ಬಿಟ್ಟುಕೊಟ್ಟವನ ನಷ್ಟದ ಪುಟಕ್ಕೆ ಹೋಗಿ ಸೇರುತ್ತದೆ. ಮತ್ತಾಯನ ಸುವಾರ್ತೆಯಲ್ಲಿ ಅರಸನೊಬ್ಬನು ತನ್ನ ಸೇವಕನಿಗೆ ಹತ್ತು ಸಾವಿರ ತಲಾಂತುಗಳ ಸಾಲವನ್ನು ಬಿಡುತ್ತಾನೆ. ಒಂದು ತಲಾಂತು ಸುಮಾರು 6,000 ದಿನಾರಿ. ಒಂದು ದಿನಾರಿಯು ಕೂಲಿಯವನ ಒಂದು ದಿನದ ಸಂಬಳ. ಅಂದರೆ ಆರು ಕೋಟಿ ದಿನಗಳ ಕೂಲಿ. ಅದೇ ಸೇವಕನು ಹೊರಗೆ ಬಂದವನೇ ತನಗೆ ನೂರು ದಿನಾರಿ ಕೊಡಬೇಕಾಗಿದ್ದ ಜೊತೆಗಾರನ ಕುತ್ತಿಗೆ ಹಿಡಿಯುತ್ತಾನೆ. ನೂರು ದಿನದ ಕೂಲಿಯೂ ಸಣ್ಣದಲ್ಲ. ನನ್ನ 1,800 ರೂಪಾಯಿಯೂ ಸಣ್ಣದಾಗಿರಲಿಲ್ಲ. ಆದರೆ ಅದನ್ನು ಯಾವುದರ ಪಕ್ಕದಲ್ಲಿಟ್ಟು ನೋಡಬೇಕೆಂಬುದನ್ನು ನಾನು ಮರೆತಿದ್ದೆನು.

ದೇವರ ಪಾಲಿಗೆ ಈ ನಷ್ಟವು ಎಲ್ಲಿ ಬರೆಯಲ್ಪಟ್ಟಿತೆಂದು ಕೇಳಿದರೆ ಕ್ರೈಸ್ತನು ಶಿಲುಬೆಯ ಕಡೆಗೆ ಕೈತೋರುತ್ತಾನೆ. ತನ್ನನ್ನು ಮೊಳೆಹೊಡೆದವರಿಗಾಗಿ ಯೇಸು ಅಲ್ಲಿಂದಲೇ ಕ್ಷಮೆಯನ್ನು ಬೇಡಿದನೆಂದೂ, ಪಕ್ಕದಲ್ಲಿ ತೂಗುತ್ತಿದ್ದ ಅಪರಾಧಿಯೊಬ್ಬನು ತನ್ನನ್ನು ನೆನೆಯಬೇಕೆಂದು ಕೇಳಿಕೊಂಡಷ್ಟಕ್ಕೇ ಅವನಿಗೆ ಅಂದೇ ಪರದೈಸಿನ ಮಾತುಕೊಟ್ಟನೆಂದೂ ಲೂಕನು ಬರೆಯುತ್ತಾನೆ. ನಮ್ಮ ನಾಡಿನ ಗೋವಿಂದ ಪೈಗಳು ತಾವು ಆ ಮತದವರಲ್ಲದಿದ್ದರೂ ಯೇಸುವಿನ ಕೊನೆಯ ದಿನವನ್ನು ಕುರಿತು ‘ಗೊಲ್ಗೊಥಾ’ ಎಂಬ ಕಾವ್ಯವನ್ನು ಬರೆದರು. ಅಂತಹ ಕ್ಷಮೆಯು ಮತದ ಗಡಿಯಾಚೆಗೂ ಹೃದಯವನ್ನು ಮುಟ್ಟಬಲ್ಲುದೆಂಬುದಕ್ಕೆ ಬೇರೆ ಸಾಕ್ಷಿ ಬೇಡ. ಪಡೆಯುವವನಿಗೆ ಕ್ಷಮೆಯು ಉಚಿತ. ಕೊಡುವವನಿಗೆ ಅದಕ್ಕಿಂತ ದುಬಾರಿಯಾದದ್ದು ಯಾವುದೂ ಇಲ್ಲ.

ಪಡೆದವನೂ ಕೈಕಟ್ಟಿ ಕೂಡುವಂತಿಲ್ಲ. ಯೆರಿಕೋವಿನ ಸುಂಕದ ಮುಖ್ಯಸ್ಥನಾದ ಜಕ್ಕಾಯನು ಯೇಸುವನ್ನು ನೋಡಲು ಮರವನ್ನು ಹತ್ತಿದ್ದನು. ಯೇಸು ಅವನನ್ನು ಇಳಿಸಿ ಅವನ ಮನೆಗೇ ಅತಿಥಿಯಾಗಿ ಹೋದನು. ಜಕ್ಕಾಯನು ತನ್ನ ಆಸ್ತಿಯಲ್ಲಿ ಅರ್ಧವನ್ನು ಬಡವರಿಗೆ ಕೊಡುವೆನೆಂದೂ, ಮೋಸಮಾಡಿ ಕಿತ್ತದ್ದಕ್ಕೆ ನಾಲ್ಕರಷ್ಟು ತಿರುಗಿ ಕೊಡುವೆನೆಂದೂ ಹೇಳಿದನು. ಕ್ರಮವನ್ನು ಗಮನಿಸಬೇಕು: ಅತಿಥಿಯು ಮೊದಲು ಬಂದನು, ಪರಿಹಾರವು ಆಮೇಲೆ ಬಂದಿತು. ಪರಿಹಾರವು ಕ್ಷಮೆಯ ಬೆಲೆಯಲ್ಲ, ಅದರ ಫಲ. ಅನ್ಯಾಯಕ್ಕೆ ಒಳಗಾದವರ ಬಾಯಿಮುಚ್ಚಿಸಿ ಅಪರಾಧವನ್ನು ಮುಚ್ಚಿಹಾಕುವುದಕ್ಕೆ ಕ್ಷಮೆಯೆಂಬ ಹೆಸರು ಸಲ್ಲದೆಂಬುದೂ ಇದರಿಂದಲೇ ಸ್ಪಷ್ಟವಾಗುತ್ತದೆ.

ಪಶ್ಚಾತ್ತಾಪವೆಂದರೆ ಬರಿಯ ಮನನೋವೂ ಅಲ್ಲ. ಪುಣ್ಯಕೋಟಿಯ ಹಾಡನ್ನು ಕೇಳಿ ಬೆಳೆಯದ ಕನ್ನಡದ ಮಗುವಿಲ್ಲ. ಕೊಟ್ಟ ಮಾತಿಗೆ ತಪ್ಪದೆ ಬಂದ ಹಸುವನ್ನು ಕಂಡು ಹುಲಿಗೆ ತನ್ನ ಕ್ರೌರ್ಯವು ಅರಿವಾಗುತ್ತದೆ. ಅದು ಹಾರಿ ಪ್ರಾಣವನ್ನು ಬಿಡುತ್ತದೆ. ನಾನು ಚಿಕ್ಕವನಿದ್ದಾಗ ಹಸುವಿಗಿಂತ ಹೆಚ್ಚಾಗಿ ಹುಲಿಗಾಗಿ ಅತ್ತಿದ್ದೇನೆ. ಆ ನೋವು ದೊಡ್ಡದು, ಉದಾತ್ತವಾದದ್ದು. ಆದರೆ ಅದು ಹುಲಿಗೆ ಬದುಕುವ ದಾರಿಯನ್ನು ತೋರಲಿಲ್ಲ. ಸುವಾರ್ತೆಯಲ್ಲಿ ಒಂದೇ ರಾತ್ರಿ ಇಬ್ಬರು ಶಿಷ್ಯರು ತಪ್ಪಿ ಬಿದ್ದರು. ಯೂದನು ಮೂವತ್ತು ಬೆಳ್ಳಿಯ ನಾಣ್ಯಗಳಿಗೆ ಗುರುವನ್ನು ಹಿಡಿದುಕೊಟ್ಟನು. ಪೇತ್ರನು ಆತನನ್ನು ಅರಿಯೆನೆಂದು ಮೂರು ಸಲ ಹೇಳಿದನು. ಇಬ್ಬರಿಗೂ ನೋವಾಯಿತು. ಯೂದನು ನಾಣ್ಯಗಳನ್ನು ದೇವಾಲಯದಲ್ಲಿ ಎಸೆದು ಹೋಗಿ ಉರುಲು ಹಾಕಿಕೊಂಡನೆಂದು ಮತ್ತಾಯನು ಹೇಳುತ್ತಾನೆ. ತನ್ನ ಲೆಕ್ಕವನ್ನು ತಾನೇ ಚುಕ್ತಮಾಡಿಕೊಂಡನು. ಪೇತ್ರನು ಬಹಳವಾಗಿ ಅತ್ತನು, ಆದರೆ ಉಳಿದನು. ಮುಂದೆ ಸರೋವರದ ದಡದಲ್ಲಿ ಕೆಂಡದ ಮುಂದೆ, ಮೂರು ಸಲ ಇಲ್ಲವೆಂದವನನ್ನು ಯೇಸು ಮೂರು ಸಲ ಪ್ರೀತಿಯನ್ನು ಕುರಿತು ಕೇಳಿ, ಕುರಿಗಳನ್ನು ಕಾಯುವ ಕೆಲಸವನ್ನು ಅವನಿಗೇ ಒಪ್ಪಿಸಿದನೆಂದು ಯೋಹಾನನು ಬರೆದಿದ್ದಾನೆ. ಯೂದನ ಗತಿಯನ್ನು ತೀರ್ಮಾನಿಸುವವನು ನಾನಲ್ಲ. ಆದರೆ ನೋವಿನಿಂದ ತನ್ನೊಳಗೇ ತಿರುಗುವುದು ಬೇರೆ, ನೊಂದವನ ಮುಖದ ಕಡೆಗೆ ತಿರುಗುವುದು ಬೇರೆ ಎಂಬುದನ್ನು ಆ ಇಬ್ಬರು ತೋರಿಸಿಕೊಡುತ್ತಾರೆ.

ಕ್ಷಮಿಸಲ್ಪಟ್ಟವರ ಸಭೆಯಲ್ಲಿಯೂ ಹಿರಿಯ ಮಕ್ಕಳಿಗೆ ಎಂದೂ ಕೊರತೆಯಿರಲಿಲ್ಲ. ಕ್ರಿ. ಶ. 250ರಲ್ಲಿ ರೋಮ್ ಚಕ್ರವರ್ತಿ ಡೀಸಿಯಸನು ಪ್ರಜೆಗಳೆಲ್ಲ ದೇವತೆಗಳಿಗೆ ಬಲಿಯರ್ಪಿಸಿ ಅದಕ್ಕೆ ಪ್ರಮಾಣಪತ್ರವನ್ನು ಪಡೆಯಬೇಕೆಂದು ಆಜ್ಞೆಮಾಡಿದನು. ಕೆಲವು ಕ್ರೈಸ್ತರು ಒಪ್ಪದೆ ಸತ್ತರು. ಅನೇಕರು ಅಂಜಿ ಬಲಿಕೊಟ್ಟರು. ಕೆಲವರು ಬಲಿಕೊಡದೆಯೇ ಪತ್ರವನ್ನು ಕೊಂಡುಕೊಂಡರು. ಹಿಂಸೆಯು ತಗ್ಗಿದ ಮೇಲೆ ಜಾರಿಬಿದ್ದವರು ಅಳುತ್ತ ಸಭೆಯ ಬಾಗಿಲಿಗೆ ಬಂದರು. ರೋಮಿನಲ್ಲಿ ನೊವೇಶಿಯನ್ ಎಂಬ ಪಂಡಿತನು, ಅವರನ್ನು ಮತ್ತೆ ಸೇರಿಸಿಕೊಳ್ಳಕೂಡದೆಂದು ಹಟಹಿಡಿದು ಪ್ರತ್ಯೇಕ ಪಂಗಡವನ್ನೇ ಕಟ್ಟಿದನು. ಕಾರ್ಥೇಜಿನ ಬಿಷಪ್ ಸಿಪ್ರಿಯನನೂ ಅವನ ಜೊತೆಯವರೂ 251ರಲ್ಲಿ ಸಭೆಸೇರಿ, ತಪ್ಪಿನ ತರತಮಕ್ಕೆ ತಕ್ಕ ಪ್ರಾಯಶ್ಚಿತ್ತದ ನಂತರ ಅವರಿಗೆ ದಾರಿಯುಂಟೆಂದು ನಿಶ್ಚಯಿಸಿದರು. 325ರಲ್ಲಿ ನಿಕೇಯದ ಮಹಾಸಭೆಯು, ನೊವೇಶಿಯನನ ಪಂಗಡದವರು ಹಿಂದಿರುಗಬೇಕಾದರೆ ಜಾರಿಬಿದ್ದು ಎದ್ದವರ ಸಂಗಡ ಸಹಭಾಗಿಗಳಾಗಲು ಒಪ್ಪಿ ಬರೆದುಕೊಡಬೇಕೆಂದು ವಿಧಿಸಿತು. ಬಾಗಿಲು ಹಾಕಿದವರನ್ನೂ ಒಳಗೆ ಕರೆಯಿತು. ಆದರೆ ಅವರು ಆ ಪಂಕ್ತಿಯಲ್ಲಿಯೇ ಕೂಡಬೇಕಾಗಿತ್ತು.

ನನ್ನ ಕಥೆಯ ಉಳಿದ ಭಾಗವನ್ನು ಹೇಳಿ ಮುಗಿಸುತ್ತೇನೆ. ತಮ್ಮನು ಹುಬ್ಬಳ್ಳಿಯಲ್ಲಿ ಒಂದು ಮುದ್ರಣಾಲಯದಲ್ಲಿ ಮೊಳೆ ಜೋಡಿಸುವ ಕೆಲಸಕ್ಕೆ ಸೇರಿದನು. 1976ರ ಜನವರಿಯಿಂದ ಪ್ರತಿ ತಿಂಗಳೂ ಅವನಿಂದ ಇಪ್ಪತ್ತು ರೂಪಾಯಿಗಳ ಮನಿಯಾರ್ಡರು ಬರತೊಡಗಿತು. ಕೂಪನ್ನಿನ ಮೇಲೆ ಎಲ್ಲರೂ ಕ್ಷೇಮವೆಂದು ನಂಬಿದ್ದೇನೆ ಎಂಬ ಒಂದೇ ಸಾಲು. ನಾನು ಒಂದು ನೋಟ್‌ಬುಕ್ಕಿನಲ್ಲಿ ದಿನಾಂಕ ಸಹಿತ ಎಲ್ಲವನ್ನೂ ಬರೆದಿಟ್ಟೆನು. ಒಂದು ಸಾಲಿನ ಉತ್ತರವನ್ನೂ ಬರೆಯಲಿಲ್ಲ. 1978ರಲ್ಲಿ ತಂದೆಯವರು ತೀರಿಕೊಂಡರು. ಮಣ್ಣಿಗೆ ಬಂದ ತಮ್ಮನೊಡನೆ ನಾನು ಆಡಿದ್ದು ಎರಡು ಮಾತು. ಅವೂ ಶವಪೆಟ್ಟಿಗೆಯನ್ನು ಎತ್ತುವ ವಿಷಯವಾಗಿ. ಮನಿಯಾರ್ಡರುಗಳು ಅವ್ವನ ಹೆಸರಿಗೆ ಬರುತ್ತ ಹೋದವು.

1983ರ ಜೂನಿನಲ್ಲಿ ತೊಂಬತ್ತನೆಯದು ಬಂದಿತು. ಅಂದು ರಾತ್ರಿ ಕೂಡಿಸಿ ನೋಡಿದೆನು. ಸರಿಯಾಗಿ 1,800 ರೂಪಾಯಿ. ಪುಟದ ಕೆಳಗೆ ಗೆರೆ ಎಳೆದೆನು. ಇಷ್ಟು ವರ್ಷ ಕಾಯ್ದ ಆ ಗೆರೆಯನ್ನು ಎಳೆದ ಮೇಲೆ ಎದೆ ಹಗುರಾಗುವುದೆಂದು ತಿಳಿದಿದ್ದೆನು. ಹಾಗಾಗಲಿಲ್ಲ. ಲೆಕ್ಕವು ಚುಕ್ತವಾಗಿತ್ತು, ಸಿಟ್ಟು ಇದ್ದಲ್ಲಿಯೇ ಇತ್ತು. ಅವನು ಕೊಡಬೇಕಾದದ್ದು ಇನ್ನೇನೂ ಉಳಿದಿಲ್ಲವೆಂದ ಮೇಲೆ, ಈ ಸಿಟ್ಟು ಯಾರದು? ದೀಪದ ಮುಂದೆ ಕುಳಿತು ಬಹಳ ಹೊತ್ತು ಯೋಚಿಸಿದೆನು. ಮಳೆಯಲ್ಲಿ ನಿಂತು ನನ್ನ ತೋಳು ಹಿಡಿದ ಕೈ ನೆನಪಾಯಿತು. ಅದನ್ನು ಬಿಡಿಸಿಕೊಂಡದ್ದಕ್ಕೆ ನಾನು ಯಾವ ಮನಿಯಾರ್ಡರನ್ನು ಯಾರಿಗೆ ಕಳಿಸಲಿ? ನನ್ನ ಆಯುಷ್ಯದಲ್ಲಿ ಮೊದಲ ಸಲ, ಕ್ಷಮೆಯು ನನಗೂ ಬೇಕಾದ ವಸ್ತುವೆಂದು ತಿಳಿಯಿತು.

ಮುಂದಿನ ಭಾನುವಾರ ಹುಬ್ಬಳ್ಳಿಗೆ ಹೊರಟೆನು. ಅಣ್ಣಿಗೇರಿ ದಾಟುವಷ್ಟರಲ್ಲಿ ಹೇಳಬೇಕಾದ ಮಾತನ್ನು ಮೂರು ವಾಕ್ಯಗಳಲ್ಲಿ ಸಿದ್ಧಮಾಡಿಕೊಂಡಿದ್ದೆನು. ಬಾಗಿಲು ತೆರೆದವನು ತಮ್ಮನೇ. ತಲೆಯು ಅರ್ಧ ನೆರೆತಿತ್ತು. ಬೆರಳುಗಳಲ್ಲಿ ಮಸಿಯ ಕಲೆ. ಅವನ ಹಿಂದೆ ನಿಂತ ಪುಟ್ಟ ಹುಡುಗಿಯು ನಾನು ಯಾರೆಂದು ತಿಳಿಯದೆ ನೋಡುತ್ತಿದ್ದಳು. ನಾನು ಒಂದನೆಯ ವಾಕ್ಯವನ್ನು ಹೇಳಿದೆನು, ಎರಡನೆಯದನ್ನು ತೊಡಗಿದೆನು. ಅವನು ನನ್ನ ಕೈಯಲ್ಲಿದ್ದ ಚೀಲವನ್ನು ತೆಗೆದುಕೊಂಡು, “ಬಾ ಅಣ್ಣಾ, ಕೈಕಾಲು ತೊಳಕೋ, ರೊಟ್ಟಿ ಬಿಸಿ ಅದಾವ” ಎಂದನು. ಮಗಳ ಕಡೆಗೆ ತಿರುಗಿ, “ದೊಡ್ಡಪ್ಪ ಬಂದಾರ, ನೀರು ತಾ” ಎಂದನು. ಮೂರನೆಯ ವಾಕ್ಯವು ಇಂದಿಗೂ ನನ್ನಲ್ಲಿಯೇ ಇದೆ.

ಮಿತ್ರರು ಕೇಳಿದ ಪ್ರಶ್ನೆಗೆ ನನ್ನ ಉತ್ತರವಿಷ್ಟು. ಹೌದು, ಒಂದೇ ಪಂಕ್ತಿ. ನೆಟ್ಟಗೆ ನಡೆದವನಿಗೆ ಸಿಕ್ಕಿದ್ದೇನೆಂದರೆ, ತಂದೆಯ ಮನೆಯಲ್ಲಿಯೇ ಇಷ್ಟು ದಿನ ಇದ್ದೆನೆಂಬುದು. ಅದನ್ನು ಅವನು ಕೂಲಿಯೆಂದು ಎಣಿಸಿದ್ದರೆ ತಪ್ಪು ಮನೆಯದಲ್ಲ. ಆ ಪಂಕ್ತಿಯಲ್ಲಿ ಅಂದು ನನಗೂ ಎಲೆ ಹಾಕಿದ್ದರು. ಎಂಟು ವರ್ಷ ನಾನೇ ಹೋಗಿ ಕೂಡಲಿಲ್ಲ.